ನೂರು ರೂಪಾಯಿಗೆ 26 ಪೈಸೆ: ಬೈತ್‌ಕೋಲಿನ ಜೆಟ್ಟಿಯಲ್ಲಿ ಎದ್ದ ಬಾಹ್ಯಾಕಾಶದ ಲೆಕ್ಕ

ಚಂದ್ರಯಾನ-3 ಇಳಿದ ಮರುದಿನ ಬೆಳಿಗ್ಗೆ, 2023ರ ಆಗಸ್ಟ್ 24ರಂದು, ಕಾರವಾರದ ಬೈತ್‌ಕೋಲ್ ಬಂದರಿಗೆ ಮೀನು ತರಲು ಹೋಗಿದ್ದೆ. ಹಿಂದಿನ ಸಂಜೆ ಶಾಲೆಯಲ್ಲಿ ಮಕ್ಕಳನ್ನೆಲ್ಲ ಕೂರಿಸಿಕೊಂಡು ನೇರಪ್ರಸಾರ ನೋಡಿದ್ದೆವು. 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ನೆಲ ಮುಟ್ಟಿದಾಗ ಮಕ್ಕಳ ಜೊತೆ ನಾನೂ ಕೂಗಿದ್ದೆ. ಗಂಟಲು ಇನ್ನೂ ಕಟ್ಟಿಕೊಂಡೇ ಇತ್ತು. ಬೋಟಿನಿಂದ ಬಂಗಡೆ ಬುಟ್ಟಿ ಇಳಿಸುತ್ತಿದ್ದ ಪರಿಚಯದ ತಾಂಡೇಲರೊಬ್ಬರು (ಬೋಟು ನಡೆಸುವ ಮುಖ್ಯಸ್ಥರು) ನನ್ನ ಕಂಡು ಕೇಳಿದರು: "ಮಾಸ್ತರ್ರೆ, ಚಂದ್ರಂಗೆ ಹೋಗೂಕೆ ಆರ್ನೂರು ಕೋಟಿ ಇತ್ತು. ನಮ್ ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಕಟ್ಟೂಕೆ ಇಲ್ಲ. ಇದೆಂಥಾ ಲೆಕ್ಕ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಲೆಕ್ಕ ಕೇಳಿದ್ದರು. "ಅದು ಬೇರೆ ದುಡ್ಡು" ಎಂದು ಹೇಳಿ ಬಂದೆ. ಅದು ಉತ್ತರವಲ್ಲವೆಂದು ಮನೆ ಮುಟ್ಟುವುದರೊಳಗೆ ಗೊತ್ತಾಗಿತ್ತು. ಆಮೇಲೆ ಬಜೆಟ್ ಪುಸ್ತಕಗಳನ್ನು ತೆರೆದು ಕೂತೆ. ಓದುತ್ತ ಹೋದಂತೆ ಅವರ ಪ್ರಶ್ನೆಯ ಮೇಲಿನ ಗೌರವ ಹೆಚ್ಚಿತು. ಬಾಹ್ಯಾಕಾಶಕ್ಕೆ ಜನಬೆಂಬಲ ಬೇಕು ಎಂದು ಎಲ್ಲರೂ ಹೇಳುತ್ತಾರೆ. ನೇರಪ್ರಸಾರಕ್ಕೆ ಚಪ್ಪಾಳೆ ತಟ್ಟುವುದಕ್ಕಿಂತ ಈ ಪ್ರಶ್ನೆಯೇ ಹೆಚ್ಚಿನ ಬೆಂಬಲ ಎಂಬುದು ಈಗಿನ ನನ್ನ ನಂಬಿಕೆ. ಯಾಕೆಂದು ಹೇಳುತ್ತೇನೆ.

ಮೊದಲು ಆಸ್ಪತ್ರೆಯ ಮಾತು. ಹೊರಗಿನವರಿಗೆ ಇದರ ಭಾರ ಗೊತ್ತಿರಲಿಕ್ಕಿಲ್ಲ. ಗಂಭೀರ ಅಪಘಾತವಾದರೆ, ಹೃದಯ ಕೈಕೊಟ್ಟರೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಹುಬ್ಬಳ್ಳಿಗೋ ಓಡಬೇಕು. ಕಾರವಾರದಿಂದ ಮಣಿಪಾಲ ಸುಮಾರು 200 ಕಿಲೋಮೀಟರ್. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ಜೀವಗಳು ಹೋದವು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಮೇಲೆ ಕರಾವಳಿಯಿಂದ ಘಟ್ಟದ ಮೇಲಿನವರೆಗೆ ಹಬ್ಬಿತು. ಆ ನೋವು ಇನ್ನೂ ಹಸಿಯಾಗಿರುವಾಗ ಚಂದ್ರನ ಸುದ್ದಿ ಬಂದರೆ ಮನಸ್ಸು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಸಹಜ.

ಇಟ್ಟೇ ನೋಡೋಣ. ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ. ದೇಶದ ತಲೆಗೆ ಹಂಚಿದರೆ ನಾಲ್ಕೂವರೆ ರೂಪಾಯಿಯ ಹತ್ತಿರ ಬೀಳುತ್ತದೆ. ಅದೂ ಒಂದೇ ವರ್ಷದ ಖರ್ಚಲ್ಲ, ಕೆಲವು ವರ್ಷಗಳಲ್ಲಿ ಹರಡಿಕೊಂಡದ್ದು. ಕೇಂದ್ರದ ಬಾಹ್ಯಾಕಾಶ ಇಲಾಖೆಗೆ 2025-26ರ ಬಜೆಟ್ಟಿನಲ್ಲಿ ತೆಗೆದಿಟ್ಟದ್ದು ಸುಮಾರು 13,416 ಕೋಟಿ. ಕೇಂದ್ರದ ಒಟ್ಟು ಬಜೆಟ್ 50 ಲಕ್ಷ 65 ಸಾವಿರ ಕೋಟಿ. ಅಂದರೆ ದಿಲ್ಲಿ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ಆಕಾಶಕ್ಕೆ ಹೋಗುವುದು 26 ಪೈಸೆ. ಚಂದ್ರಯಾನ, ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನ, ಹವಾಮಾನದ ಉಪಗ್ರಹ, ಟಿವಿಯ ಉಪಗ್ರಹ, ಶ್ರೀಹರಿಕೋಟಾದ ಕಾವಲುಗಾರರ ಸಂಬಳ, ಎಲ್ಲ ಅದರೊಳಗೇ.

ಅದೇ ವರ್ಷ ಕರ್ನಾಟಕ ಸರ್ಕಾರ ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣಕ್ಕೆ ಎತ್ತಿಟ್ಟ ಮೊತ್ತ 17,000 ಕೋಟಿಗೂ ಹೆಚ್ಚು. ಇಡೀ ದೇಶದ ಬಾಹ್ಯಾಕಾಶದ ಖರ್ಚಿಗಿಂತ ಒಂದು ರಾಜ್ಯದ ಆಸ್ಪತ್ರೆ ಖರ್ಚೇ ದೊಡ್ಡದು. ಈ ಅಂಕಿ ಕಂಡಾಗ ನಾನು ಎರಡು ಸಲ ಪುಟ ತಿರುಗಿಸಿ ನೋಡಿದೆ. ಆಸ್ಪತ್ರೆ ಕಟ್ಟುವುದು ಸಂವಿಧಾನದ ಪ್ರಕಾರ ಮುಖ್ಯವಾಗಿ ರಾಜ್ಯದ ಹೊಣೆ, ಬಾಹ್ಯಾಕಾಶ ಕೇಂದ್ರದ ಹೊಣೆ. ಹಾಗಾಗಿ ನಮ್ಮ ಆಸ್ಪತ್ರೆಯ ಕಡತ ಎಲ್ಲಿ ನಿಂತಿದೆಯೋ ಅಲ್ಲಿ ಅದನ್ನು ತಡೆದದ್ದು ರಾಕೆಟ್ ಅಲ್ಲ. ಕೊನೆಗೆ ಎಲ್ಲ ದುಡ್ಡೂ ಜನರದ್ದೇ, ಒಂದು ಕಡೆ ಉಳಿಸಿದರೆ ಇನ್ನೊಂದು ಕಡೆ ಕೊಡಬಹುದು ಎನ್ನುವ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ 26 ಪೈಸೆಯಲ್ಲಿ ಹುಡುಕುವ ಮೊದಲು ಉಳಿದ 99 ರೂಪಾಯಿ 74 ಪೈಸೆಯಲ್ಲಿ ಹುಡುಕುವುದು ನ್ಯಾಯ.

ಇಲ್ಲಿ ಒಂದು ತಪ್ಪು ಗ್ರಹಿಕೆ ಲೋಕದ ಎಲ್ಲ ಕಡೆಯೂ ಇದೆ. ಅಮೆರಿಕದಲ್ಲಿ 1990ರ ದಶಕದ ಒಂದು ಸಮೀಕ್ಷೆ, ನಾಸಾಕ್ಕೆ ಸರ್ಕಾರದ ಖರ್ಚಿನ ಎಷ್ಟು ಪಾಲು ಹೋಗುತ್ತದೆ ಎಂದು ಜನರನ್ನು ಕೇಳಿತು. ಸರಾಸರಿ ಉತ್ತರ ನೂರಕ್ಕೆ ಇಪ್ಪತ್ತು. ನಿಜದಲ್ಲಿ ಆಗ ಅದು ನೂರಕ್ಕೆ ಒಂದಕ್ಕೂ ಕಡಿಮೆ. ನಮ್ಮ ಶಿಕ್ಷಕರ ಕೋಣೆಯಲ್ಲಿ ಇಸ್ರೋದ ಬಗ್ಗೆ ಇದನ್ನೇ ಕೇಳಿದೆ. ನೂರಕ್ಕೆ ಐದು ಎಂದವರೇ ಹೆಚ್ಚು, ಹತ್ತು ಎಂದವರೂ ಇದ್ದರು. ರಾಕೆಟ್ ಕಣ್ಣಿಗೆ ದೊಡ್ಡದಾಗಿ ಕಾಣುವುದರಿಂದ ಅದರ ಖರ್ಚೂ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಈ 26 ಪೈಸೆಯನ್ನು ಯಾರು, ಹೇಗೆ ಕೊಡುತ್ತಾರೆ?

ಶಿರಸಿ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಸಹಕಾರಿ ಸಂಘದ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಮುಂದಿನ ವರ್ಷದ ಅಂದಾಜು ಪತ್ರಿಕೆ ಓದುತ್ತಾರೆ, ಹಿಂದಿನ ವರ್ಷದ ನಿಜವಾದ ಖರ್ಚು ಓದುತ್ತಾರೆ, ಸದಸ್ಯರು ಎದ್ದು ನಿಂತು ಬಾಬ್ತು ಹಿಡಿದು ಕೇಳುತ್ತಾರೆ. ಸಂಸತ್ತಿನಲ್ಲೂ ಹಾಗೇ. ಪ್ರತಿ ಇಲಾಖೆಗೆ 'ಅನುದಾನ ಬೇಡಿಕೆ' ಎಂಬ ಪಟ್ಟಿ ಇರುತ್ತದೆ. ಬಾಹ್ಯಾಕಾಶ ಇಲಾಖೆಯದು ಇತ್ತೀಚಿನ ಬಜೆಟ್‌ಗಳಲ್ಲಿ 95ನೇ ಬೇಡಿಕೆ. ಈ ಇಲಾಖೆ ನೇರವಾಗಿ ಪ್ರಧಾನಮಂತ್ರಿಯ ಅಡಿಯಲ್ಲಿದೆ. ಲೋಕಸಭೆ ಮತ ಹಾಕಿ ಒಪ್ಪಿದ ಮೇಲಷ್ಟೇ ದುಡ್ಡು. ಹೊಸ ಯೋಜನೆಯೊಂದರ ಮೊತ್ತ ಸಾವಿರ ಕೋಟಿ ದಾಟಿದರೆ ಅದು ಸಚಿವ ಸಂಪುಟದ ಮೇಜಿಗೆ ಹೋಗಬೇಕು. 2024ರ ಸೆಪ್ಟೆಂಬರ್ 18ರಂದು ಸಂಪುಟ ಒಂದೇ ದಿನ ಹಲವಕ್ಕೆ ಒಪ್ಪಿಗೆ ಕೊಟ್ಟಿತು. ಚಂದ್ರನ ಮಣ್ಣು ತರುವ ಚಂದ್ರಯಾನ-4ಕ್ಕೆ 2,104 ಕೋಟಿ, ಶುಕ್ರಗ್ರಹದ ಯಾನಕ್ಕೆ 1,236 ಕೋಟಿ, ಮರುಬಳಕೆಯ ಹೊಸ ರಾಕೆಟ್ಟಿಗೆ 8,240 ಕೋಟಿ. ಗಗನಯಾನದ ಒಟ್ಟು ಮೊತ್ತ 20,193 ಕೋಟಿಗೆ ಏರಿತು.

ಬಜೆಟ್ ಪುಸ್ತಕದಲ್ಲಿ ಒಂದೇ ಬಾಬ್ತಿಗೆ ಮೂರು ಕಾಲಂ ಇರುವುದನ್ನು ಗಮನಿಸಬೇಕು. ಬಜೆಟ್ ಅಂದಾಜು, ವರ್ಷದ ನಡುವೆ ಬದಲಾದ ಪರಿಷ್ಕೃತ ಅಂದಾಜು, ಕೊನೆಗೆ ನಿಜವಾಗಿ ಖರ್ಚಾದದ್ದು. ಟಿವಿಯಲ್ಲಿ ಬರುವುದು ಮೊದಲನೆಯದು ಮಾತ್ರ. 2020-21ರಲ್ಲಿ ಬಾಹ್ಯಾಕಾಶಕ್ಕೆ ಘೋಷಿಸಿದ್ದು 13,479 ಕೋಟಿ. ಕೋವಿಡ್ ಬಂದು ಪರಿಷ್ಕೃತ ಅಂದಾಜು 9,500 ಕೋಟಿಗೆ ಇಳಿಯಿತು. 2022-23ರಲ್ಲೂ 13,700 ಕೋಟಿ ಎಂದದ್ದು ಪರಿಷ್ಕರಿಸುವಾಗ 10,530 ಕೋಟಿ ಆಯಿತು. ಘೋಷಣೆಯ ದಿನ ಹಿಗ್ಗಿದವರಲ್ಲಿ ಎಷ್ಟು ಜನ ಮುಂದಿನ ಫೆಬ್ರವರಿಯಲ್ಲಿ ಎರಡನೆಯ ಕಾಲಂ ನೋಡಿದರು? ಸಂಘದ ಸಭೆಯಲ್ಲಿ ಹೀಗಾಗಿದ್ದರೆ ಮುಂದಿನ ಸಾಲಿನ ಹೆಗಡೆಯವರು ಮೈಕ್ ಕೇಳದೇ ಬಿಡುತ್ತಿರಲಿಲ್ಲ.

ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಉತ್ತರ ಚಿಕ್ಕದು: ನೆಲಕ್ಕೆ. ಆಕಾಶದಲ್ಲಿ ಉರಿಯುವುದು ಇಂಧನ ಮಾತ್ರ. ಉಳಿದದ್ದು ಎಂಜಿನಿಯರ್‌ಗಳ ಸಂಬಳ, ಕಾರ್ಖಾನೆಗಳ ಕೂಲಿ, ಲೋಹದ ಬೆಲೆ. 2022ರಲ್ಲಿ ಐದು ಪಿಎಸ್‌ಎಲ್‌ವಿ ರಾಕೆಟ್ ಕಟ್ಟಿಕೊಡಲು ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಕೂಟಕ್ಕೆ 860 ಕೋಟಿಯ ಗುತ್ತಿಗೆ ಸಿಕ್ಕಿತು. ಒಂದು ರಾಕೆಟ್ಟಿಗೆ 172 ಕೋಟಿ. ಇಲಾಖೆಯ ಒಳಗಿನ ಹಂಚಿಕೆ ನೋಡಿದರೆ ರಾಕೆಟ್, ಉಪಗ್ರಹ, ಗಗನಯಾನ ಸೇರಿದ 'ಬಾಹ್ಯಾಕಾಶ ತಂತ್ರಜ್ಞಾನ'ದ ಬಾಬ್ತು ಹತ್ತು ಸಾವಿರ ಕೋಟಿಯ ಆಸುಪಾಸಿನಲ್ಲಿದೆ. 'ಬಾಹ್ಯಾಕಾಶ ವಿಜ್ಞಾನ' ಎಂಬ ಬಾಬ್ತು ನೂರರ ಲೆಕ್ಕದಲ್ಲೇ ಉಳಿದುಬಿಟ್ಟಿದೆ. ಇದು ನನಗೆ ನೋವಿನ ಸಂಗತಿ. ಕಟ್ಟುವುದಕ್ಕೆ ಇರುವ ಕೈಬಿಚ್ಚು ಕಂಡುಹಿಡಿಯುವುದಕ್ಕೆ ಇಲ್ಲ.

ಒಂದು ರೂಪಾಯಿ ಹಾಕಿದರೆ 2.54 ರೂಪಾಯಿ ವಾಪಸ್ ಬಂತು ಎಂಬ ಲೆಕ್ಕವನ್ನು 2024ರ ಮೊದಲ ರಾಷ್ಟ್ರೀಯ ಬಾಹ್ಯಾಕಾಶ ದಿನದ ಹೊತ್ತಿಗೆ ಇಸ್ರೋ ಮುಂದಿಟ್ಟಿತು. ಇಂಥ ಗುಣಕಗಳನ್ನು ನಾನು ತುಸು ಎಚ್ಚರದಿಂದ ಓದುತ್ತೇನೆ. ಯಾವುದನ್ನು ಆದಾಯ ಎಂದು ಎಣಿಸಿದರು, ಯಾವುದನ್ನು ಬಿಟ್ಟರು ಎಂಬುದರ ಮೇಲೆ ಅಂಕಿ ಏರಿಳಿಯುತ್ತದೆ. ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಬರುತ್ತದಲ್ಲ, ಅದು ನಿಂತಿರುವುದು ಪಂಚಾಯಿತಿ ಮಟ್ಟದ ಮಳೆಮಾಪಕದ ಮೇಲೆ. ಅದು ಉಪಗ್ರಹದ ಸಾಧನೆ ಎಂದು ಹೇಳಿದರೆ ತಪ್ಪಾಗುತ್ತದೆ. ಅದೇ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನದ ಹೊಳವು ಯಾವಾಗ ಸಿಕ್ಕೀತು ಎಂದು ಮೊಬೈಲ್ ನೋಡುತ್ತೀರಲ್ಲ, ಆ ಮುನ್ಸೂಚನೆಯ ಹಿಂದೆ ಇನ್ಸಾಟ್ ಉಪಗ್ರಹಗಳಿವೆ. ಯಾವುದು ಯಾರ ಕೆಲಸ ಎಂದು ಬಿಡಿಸಿ ಹೇಳಿದರೇ ನಂಬಿಕೆ ಉಳಿಯುವುದು.

ಈಗ ಚಪ್ಪಾಳೆಯ ವಿಷಯಕ್ಕೆ ಬರುತ್ತೇನೆ. ಚಂದ್ರಯಾನ-3 ಇಳಿಯುವ ಹೊತ್ತಿಗೆ ಇಸ್ರೋದ ಯೂಟ್ಯೂಬ್ ನೇರಪ್ರಸಾರವನ್ನು ಏಕಕಾಲಕ್ಕೆ ನೋಡುತ್ತಿದ್ದವರು 80 ಲಕ್ಷ. ಇಷ್ಟು ಜನರ ಪ್ರೀತಿ ಇದ್ದ ಮೇಲೆ ದುಡ್ಡಿಗೇನು ಕೊರತೆ ಎಂದು ಅನ್ನಿಸಬಹುದು. ಅಮೆರಿಕದ ಅನುಭವ ಬೇರೆಯದನ್ನೇ ಹೇಳುತ್ತದೆ. 1966ರಲ್ಲಿ ನಾಸಾಕ್ಕೆ ಆ ದೇಶದ ಕೇಂದ್ರ ಬಜೆಟ್ಟಿನ ಶೇ 4.4ರಷ್ಟು ಸಿಕ್ಕಿತ್ತು. ಆ ದಶಕದ ಉದ್ದಕ್ಕೂ ಹೆಚ್ಚಿನ ಸಮೀಕ್ಷೆಗಳಲ್ಲಿ, ಚಂದ್ರಯಾತ್ರೆ ಖರ್ಚಿಗೆ ತಕ್ಕದ್ದು ಎಂದವರು ಅರ್ಧಕ್ಕಿಂತ ಕಡಿಮೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ 1969ರ ಜುಲೈ ಹೊತ್ತಿಗೆ ಮಾತ್ರ ಅದು ಅರ್ಧ ದಾಟಿತು. ಅಂದರೆ ದುಡ್ಡು ಬಂದದ್ದು ಜನರ ಒತ್ತಾಯದಿಂದಲ್ಲ, ಸೋವಿಯತ್ ಒಕ್ಕೂಟದ ಜೊತೆಗಿನ ಪೈಪೋಟಿಯಿಂದ. ಪೈಪೋಟಿಯಲ್ಲಿ ಗೆದ್ದದ್ದೇ ತಡ, ದುಡ್ಡೂ ಹೋಯಿತು. 1970ರಲ್ಲಿ ಅಪೊಲೋದ ಕೊನೆಯ ಮೂರು ಯಾತ್ರೆಗಳನ್ನು ಕೈಬಿಟ್ಟರು. ಇವತ್ತು ನಾಸಾದ ಪಾಲು ಶೇ ಅರ್ಧಕ್ಕೂ ಕಡಿಮೆ. ಜಗತ್ತೇ ನೋಡಿದ ಗೆಲುವು ಮುಂದಿನ ವರ್ಷದ ಬಜೆಟ್ಟನ್ನೂ ಉಳಿಸಿಕೊಡಲಿಲ್ಲ.

1969ರ ಅದೇ ಜುಲೈನ ಇನ್ನೊಂದು ಘಟನೆ ಓದುವಾಗ ಬೈತ್‌ಕೋಲಿನ ಜೆಟ್ಟಿಯೇ ಕಣ್ಣ ಮುಂದೆ ಬಂತು. ಅಪೊಲೋ-11 ಹಾರುವ ಹಿಂದಿನ ದಿನ, ಮಾರ್ಟಿನ್ ಲೂಥರ್ ಕಿಂಗರ ಒಡನಾಡಿ ರಾಲ್ಫ್ ಅಬರ್ನಾಥಿ ಬಡ ಕುಟುಂಬಗಳನ್ನು ಕರೆದುಕೊಂಡು, ಹೇಸರಗತ್ತೆಯ ಬಂಡಿಯೊಂದಿಗೆ ಉಡಾವಣಾ ಕೇಂದ್ರಕ್ಕೆ ಬಂದರು. ಹಸಿದವರಿರುವ ದೇಶದಲ್ಲಿ ಇದೇಕೆ ಎಂಬುದು ಅವರ ಪ್ರಶ್ನೆ. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಹೊರಗೆ ಬಂದು ಬಯಲಿನಲ್ಲೇ ನಿಂತು ಮಾತನಾಡಿದರು. ಗುಂಡಿ ಒತ್ತದೇ ಬಿಟ್ಟರೆ ಬಡತನ ನೀಗುವುದಾದರೆ ನಾನು ಒತ್ತುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ನಿಮ್ಮ ಬಂಡಿಯನ್ನು ನಮ್ಮ ರಾಕೆಟ್ಟಿಗೆ ಕಟ್ಟಿಕೊಳ್ಳಿ, ಇಷ್ಟು ಕಷ್ಟದ ಕೆಲಸ ಮಾಡಬಲ್ಲ ದೇಶ ಇನ್ನೊಂದನ್ನೂ ಮಾಡಬಲ್ಲದು ಎಂದು ಕೇಳಿ ಎಂದರು. ಕೆಲವು ಕುಟುಂಬಗಳಿಗೆ ಉಡಾವಣೆ ನೋಡಲು ಒಳಗೆ ಜಾಗ ಕೊಟ್ಟರು. ಅಬರ್ನಾಥಿ ಗಗನಯಾತ್ರಿಗಳ ಕ್ಷೇಮಕ್ಕೆ ಪ್ರಾರ್ಥಿಸುವುದಾಗಿ ಹೇಳಿದರು. ಪ್ರಶ್ನೆ ಕೇಳಿದವರನ್ನು ದೇಶದ್ರೋಹಿ ಎನ್ನದೆ, ಪ್ರಶ್ನೆಯನ್ನು ನಿಂತು ಕೇಳಿಸಿಕೊಂಡ ಆ ಮಧ್ಯಾಹ್ನ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಮ್ಮ ದೇಶದ ದಾರಿ ಬೇರೆಯಿತ್ತು. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ ಮೊದಲ ರಾಕೆಟ್ ಹಾರಿತು. ಇಗರ್ಜಿಯ ಕಟ್ಟಡವೇ ಕಚೇರಿಯಾಗಿತ್ತು. ಚಂದ್ರನಿಗೆ ಹೋಗುವ ಪೈಪೋಟಿ ನಮ್ಮದಲ್ಲ, ಜನರ ಸಮಸ್ಯೆಗೆ ಈ ತಂತ್ರವನ್ನು ಬಳಸುವುದರಲ್ಲಿ ನಾವು ಹಿಂದೆ ಬೀಳಬಾರದು ಎಂದು ವಿಕ್ರಮ್ ಸಾರಾಭಾಯಿ ಸ್ಪಷ್ಟವಾಗಿ ಹೇಳಿದ್ದರು. ನಮ್ಮ ಪಕ್ಕದ ಉಡುಪಿಯ ಅದಮಾರಿನ ಯು.ಆರ್. ರಾವ್ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಅದೇ ವರ್ಷ ಆಗಸ್ಟ್‌ನಿಂದ ಒಂದು ವರ್ಷ ಕಾಲ, ನಾಸಾದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಟಿವಿ ಕಾರ್ಯಕ್ರಮ ಬಂತು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯ ಹಳ್ಳಿಗಳು ಅದರಲ್ಲಿದ್ದವು. ಬಾಹ್ಯಾಕಾಶಕ್ಕೆ ಇಲ್ಲಿ ಬೇರು ಕೊಟ್ಟದ್ದು ಈ ಬಗೆಯ ಕೆಲಸ. ಹೆಮ್ಮೆ ಆಮೇಲೆ ಬಂತು, 2008ರ ಚಂದ್ರಯಾನ-1, 2014ರ ಮಂಗಳಯಾನದ ಜೊತೆ. ಹೆಮ್ಮೆ ಒಳ್ಳೆಯದೇ. ಆದರೆ ಅದು ಗೆಲುವಿನ ದಿನ ಉಕ್ಕುತ್ತದೆ, ಸೋಲಿನ ದಿನ ಇಳಿಯುತ್ತದೆ, ಸದ್ದಿಲ್ಲದೆ ಕೆಲಸ ಮಾಡುವ ಉಪಗ್ರಹದ ಕಡೆ ತಿರುಗಿಯೂ ನೋಡುವುದಿಲ್ಲ.

ಆ ಸದ್ದಿಲ್ಲದ ಉಪಗ್ರಹಗಳ ಕತೆ ಹೇಳದೆ ಕರಾವಳಿಯವನಾಗಿ ನಾನು ಈ ಲೇಖನ ಮುಗಿಸುವಂತಿಲ್ಲ.

ಓಶನ್‌ಸ್ಯಾಟ್ ಎಂಬ ಸರಣಿ ಇದೆ. ಮೊದಲನೆಯದು 1999, ಎರಡನೆಯದು 2009, ಮೂರನೆಯದು 2022ರ ನವೆಂಬರ್ 26ರಂದು ಹಾರಿತು. ಅದರ ಮುಖ್ಯ ಕೆಲಸ ಕಡಲಿನ ಬಣ್ಣ ನೋಡುವುದು. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ತೇಲುತ್ತಿರುತ್ತವೆ. ಅವುಗಳಲ್ಲೂ ನಮ್ಮ ಗದ್ದೆಯ ಎಲೆಗಳಂತೆ ಹಸಿರು ಪತ್ರಹರಿತ್ತು ಇರುತ್ತದೆ. ಅವು ಹೆಚ್ಚಿದಲ್ಲಿ ನೀರಿನ ಬಣ್ಣ ತುಸು ಹಸಿರಿಗೆ ತಿರುಗುತ್ತದೆ. ಅದನ್ನು ತಿನ್ನಲು ಸಣ್ಣ ಜೀವಿಗಳು ಬರುತ್ತವೆ, ಅವುಗಳ ಹಿಂದೆ ತಾರ್ಲಿ, ಬಂಗಡೆ, ಅವುಗಳ ಹಿಂದೆ ದೊಡ್ಡ ಮೀನು. ಇನ್ನೊಂದು ಉಪಗ್ರಹ ನೀರಿನ ಮೇಲ್ಮೈಯ ಬಿಸಿ ಅಳೆಯುತ್ತದೆ. ತಣ್ಣೀರು, ಬಿಸಿನೀರು ಒಂದಕ್ಕೊಂದು ತಾಗುವ ಗೆರೆಯಲ್ಲಿ ಆಹಾರ ಒಟ್ಟುಗೂಡುತ್ತದೆ. ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು, ಮೀನು ಸಿಗುವ ಸಂಭವ ಹೆಚ್ಚಿರುವ ಜಾಗ ಯಾವುದೆಂದು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ತಿಳಿಸುತ್ತದೆ. ಯಾವ ಬಂದರಿನಿಂದ ಯಾವ ದಿಕ್ಕು, ಎಷ್ಟು ದೂರ, ಎಷ್ಟು ಆಳ ಎಂಬುದು ಕನ್ನಡದಲ್ಲೂ ಸಿಗುತ್ತದೆ. ಒಂದು ಟ್ರಿಪ್ಪಿಗೆ ಎಷ್ಟು ಡೀಸೆಲ್ ಸುಡುತ್ತದೆ ಎಂದು ಬೋಟಿನ ಮಾಲೀಕರನ್ನು ಕೇಳಿ, ಈ ಒಂದು ಸಾಲಿನ ಬೆಲೆ ತಿಳಿಯುತ್ತದೆ. ಮಿತಿಗಳೂ ಇವೆ. ಮೀನು ಈಜುವ ಪ್ರಾಣಿ, ಮಾಹಿತಿ ಬೇಗ ಹಳಸುತ್ತದೆ. ಮೋಡ ಕವಿದರೆ ಬಣ್ಣ ಕಾಣುವುದಿಲ್ಲ.

ಇನ್ನೊಂದು ನೆನಪು ಕಷ್ಟದ್ದು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಎರಡು ದಿನಗಳ ಮೇಲೆ ಸಂಪರ್ಕಕ್ಕೆ ಸಿಗದಾಯಿತು. ಅದರಲ್ಲಿದ್ದ ಏಳು ಜನರಲ್ಲಿ ಐವರು ನಮ್ಮ ಜಿಲ್ಲೆಯವರು. ಕುಮಟಾ, ಹೊನ್ನಾವರ, ಭಟ್ಕಳದ ಮನೆಗಳಲ್ಲಿ ಹೆಂಡತಿ ಮಕ್ಕಳು ನಾಲ್ಕೂವರೆ ತಿಂಗಳು ಕಾದರು. 2019ರ ಮೇ ತಿಂಗಳ ಆರಂಭದಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ನೌಕಾಪಡೆಗೆ ಅವಶೇಷ ಸಿಕ್ಕಿತು. ಬೋಟು ಎಲ್ಲಿದೆ ಎಂದು ದಡಕ್ಕೆ ಹೇಳುವ ಒಂದು ಪೆಟ್ಟಿಗೆ ಅದರಲ್ಲಿ ಇದ್ದಿದ್ದರೆ ಕನಿಷ್ಠ ಎಲ್ಲಿ ಹುಡುಕಬೇಕು ಎಂದಾದರೂ ಗೊತ್ತಾಗುತ್ತಿತ್ತು. ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್ ಆ ಕೆಲಸ ಮಾಡುತ್ತದೆ. ಮೊಬೈಲ್ ಸಿಗ್ನಲ್ ಮುಟ್ಟದ ಕಡಲಿನಿಂದಲೂ ಉಪಗ್ರಹದ ಮೂಲಕ ಬೋಟಿನ ಜಾಗ ತಿಳಿಸುತ್ತದೆ, ಆಪತ್ತಿನ ಸಂದೇಶ ಕಳಿಸುತ್ತದೆ, ದಡದಿಂದ ಚಂಡಮಾರುತದ ಎಚ್ಚರಿಕೆ ಪಡೆಯುತ್ತದೆ. ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಕೂರಿಸುವ 364 ಕೋಟಿಯ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ಸಿಕ್ಕಿತು.

ಆ 364 ಕೋಟಿ ಬಾಹ್ಯಾಕಾಶ ಇಲಾಖೆಯ ಪಟ್ಟಿಯಲ್ಲಿ ಇಲ್ಲ, ಅದು ಮೀನುಗಾರಿಕೆ ಇಲಾಖೆಯದು. ಹೈದರಾಬಾದಿನ ಕೇಂದ್ರ ಭೂವಿಜ್ಞಾನ ಸಚಿವಾಲಯದ್ದು. 2024ರ ಫೆಬ್ರವರಿಯಲ್ಲಿ ಹಾರಿದ ಹವಾಮಾನ ಉಪಗ್ರಹ ಇನ್ಸಾಟ್-3ಡಿಎಸ್‌ಗೆ ಪೂರ್ತಿ ದುಡ್ಡು ಕೊಟ್ಟದ್ದೂ ಆ ಸಚಿವಾಲಯವೇ. ಹೀಗೆ ಆಕಾಶದಿಂದ ತದಡಿಯ ಬೋಟಿನವರೆಗೆ ಒಂದು ಮಾಹಿತಿ ಇಳಿಯಬೇಕಾದರೆ ಮೂರು ಇಲಾಖೆಗಳ ಚೀಲ ಬಿಚ್ಚಬೇಕು. ಒಂದು ಗಂಟು ಬಿಗಿಯಾಗಿ ಉಳಿದರೂ ಮಾಹಿತಿ ನಡುವೆಯೇ ನಿಲ್ಲುತ್ತದೆ.

ಹಾಗೆ ನಿಂತದ್ದೂ ಇದೆ. ಶಿಕ್ಷಣಕ್ಕೆಂದೇ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಎಜುಸ್ಯಾಟ್ ನಮ್ಮ ಮೇಸ್ಟರುಗಳಿಗೆ ನೆನಪಿರಬೇಕು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಾಯೋಗಿಕ ಯೋಜನೆ ನಡೆಯಿತು. ಉಪಗ್ರಹ ತನ್ನ ಕೆಲಸ ಮಾಡಿತು. ನೆಲದ ಮೇಲೆ ಕೇಂದ್ರಗಳನ್ನು ನಡೆಸುವ, ಪಾಠ ತಯಾರಿಸುವ ಯೋಜನೆಯಲ್ಲಿದ್ದ ಕೊರತೆಗಳನ್ನು ಮಹಾಲೇಖಪಾಲರ ವರದಿ ಆಮೇಲೆ ಎತ್ತಿ ತೋರಿಸಿತು. ಅಂಥ ವರದಿಗೆ ಚಪ್ಪಾಳೆ ತಟ್ಟುವವರಿಲ್ಲ. ಬಾಹ್ಯಾಕಾಶವನ್ನು ಪ್ರೀತಿಸುವವರು ಮೊದಲು ಓದಬೇಕಾದದ್ದು ಅದನ್ನೇ.

ಓಶನ್‌ಸ್ಯಾಟ್-2ರ ಕತೆಯೂ ಹಾಗೇ. ಕಡಲ ಮೇಲಿನ ಗಾಳಿಯ ವೇಗ, ದಿಕ್ಕು ಅಳೆಯುವ ಒಂದು ಉಪಕರಣ ಅದರಲ್ಲಿತ್ತು. ಚಂಡಮಾರುತ ಕಟ್ಟುವುದನ್ನು ಗುರುತಿಸಲು ಬಹಳ ಉಪಯುಕ್ತ. 2014ರ ಫೆಬ್ರವರಿಯಲ್ಲಿ ಅದು ಕೆಟ್ಟಿತು. ಅದೇ ಕೆಲಸಕ್ಕೆ ಸ್ಕ್ಯಾಟ್‌ಸ್ಯಾಟ್-1 ಹಾರಿದ್ದು 2016ರ ಸೆಪ್ಟೆಂಬರ್ 26ರಂದು. ನಡುವೆ ಎರಡೂವರೆ ವರ್ಷ ನಮ್ಮದೇ ಆದ ಆ ಕಣ್ಣು ಇರಲಿಲ್ಲ. ಇದಕ್ಕಾಗಿ ಬೀದಿಗಿಳಿದವರು, ಸ್ಟೇಟಸ್ ಹಾಕಿಕೊಂಡವರು ಯಾರೂ ಇಲ್ಲ. ಅದೇ 2014ರ ಸೆಪ್ಟೆಂಬರಿನಲ್ಲಿ ಮಂಗಳಯಾನ ಮುಟ್ಟಿದ್ದಕ್ಕೆ ನಾವೆಲ್ಲ ಸಿಹಿ ಹಂಚಿದ್ದೆವು, ನಾನೂ ಹಂಚಿದ್ದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದು ನಮ್ಮ ದಂಡೆಯ ಮನೆ, ದೋಣಿಗಳನ್ನು ಬಡಿದಾಗ, ಮೊದಲೇ ಎಚ್ಚರಿಕೆ ಸಿಕ್ಕಿದ್ದರ ಬೆಲೆ ಗೊತ್ತಾಯಿತು.

ಗುಡ್ಡದ ಕತೆ ಇನ್ನೂ ಹತ್ತಿರದ್ದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ದಾಟಿ ಗಂಗಾವಳಿಗೆ ಬಿತ್ತು. ಎರಡು ವಾರಕ್ಕೆ ವಯನಾಡು. ಅಲ್ಲಿ ಸುಮಾರು 86,000 ಚದರ ಮೀಟರ್ ನೆಲ ಜಾರಿದೆ ಎಂದು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಚಿತ್ರ ಸಮೇತ ಹೇಳಿತು. ಆಷಾಢದ ಮೋಡದಲ್ಲಿ ಸಾಮಾನ್ಯ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಮೋಡ ತೂರಿ ನೋಡಬಲ್ಲದ್ದು ರಾಡಾರ್ ಉಪಗ್ರಹ. ಅಂಥದ್ದೇ ಒಂದು ಹೊಸ ರಾಡಾರ್ ಉಪಗ್ರಹ ಹೊತ್ತ ಪಿಎಸ್‌ಎಲ್‌ವಿ 2025ರ ಮೇ 18ರಂದು ವಿಫಲವಾಯಿತು. ಸೋಲು ಈ ಕೆಲಸದಲ್ಲಿ ಇದ್ದದ್ದೇ, ಅದಕ್ಕೆ ಬೈಯುವುದಿಲ್ಲ. ಆದರೆ ಸೋಲಿನ ತನಿಖಾ ವರದಿ ತೆರಿಗೆ ಕಟ್ಟಿದವರ ಕೈಗೂ ಬರಬೇಕು. ಘಟ್ಟದ ಬುಡದಲ್ಲಿ ಮಳೆಗಾಲ ಕಳೆಯುವ ನಮಗೆ ಆ ಉಪಗ್ರಹ ಯಾಕೆ ಹೋಯಿತು, ಬದಲಿ ಯಾವಾಗ ಎಂದು ಕೇಳುವ ಹಕ್ಕಿದೆ.

ಖಾಸಗಿ ದುಡ್ಡಿನ ಬಗ್ಗೆ ಎರಡು ಮಾತು. 2020ರಿಂದ ಈ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆದಿದ್ದಾರೆ. 2022ರ ನವೆಂಬರಿನಲ್ಲಿ ಸ್ಕೈರೂಟ್ ಕಂಪನಿಯ ವಿಕ್ರಮ್-ಎಸ್ ಹಾರಿತು. ನವೋದ್ಯಮಗಳಿಗೆ ಸಾವಿರ ಕೋಟಿಯ ನಿಧಿಗೂ ಒಪ್ಪಿಗೆ ಸಿಕ್ಕಿದೆ. ಒಳ್ಳೆಯ ಬೆಳವಣಿಗೆ. ಆದರೆ ಬಂಗಡೆ ಎಲ್ಲಿದೆ ಎಂದು ಪುಕ್ಕಟೆ ಹೇಳುವುದು, ಗುಡ್ಡ ಜರಿಯುವುದನ್ನು ಕಾಯುವುದು ಲಾಭದ ವ್ಯಾಪಾರವಲ್ಲ. ಯಾರಿಗೆ ಕೊಳ್ಳುವ ಶಕ್ತಿ ಇಲ್ಲವೋ ಅವರಿಗೆ ತಲುಪಬೇಕಾದ ಸೇವೆಗೆ ಸರ್ಕಾರದ ದುಡ್ಡೇ ಬೇಕು.

ಗಗನಯಾನದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ವಿರೋಧವಿಲ್ಲ. ನಮ್ಮ ಶಾಲೆಯ ಒಬ್ಬಳು ಹುಡುಗಿ ಗಗನಯಾತ್ರಿ ಆಗುತ್ತೇನೆ ಎಂದು ಬರೆದ ಪ್ರಬಂಧ ನನ್ನ ಕಪಾಟಿನಲ್ಲಿದೆ. ಆದರೆ 20,193 ಕೋಟಿಯ ಯೋಜನೆಯನ್ನು 615 ಕೋಟಿಯ ಯೋಜನೆಗಿಂತ ಮೂವತ್ತು ಪಟ್ಟು ಹೆಚ್ಚು ಪ್ರಶ್ನೆ ಕೇಳಿ ಸಾಕಬೇಕು. ಅದು ಬೆಳೆದಂತೆ ಓಶನ್‌ಸ್ಯಾಟ್, ರಾಡಾರ್ ಉಪಗ್ರಹಗಳ ಸರದಿ ಹಿಂದೆ ಸರಿಯಬಾರದು.

ನಮ್ಮ ಸಂಸದರು ಲೋಕಸಭೆಯಲ್ಲಿ ಬಾಹ್ಯಾಕಾಶದ ಬಗ್ಗೆ ಲಿಖಿತ ಪ್ರಶ್ನೆ ಕೇಳಬಹುದು, ಇಲಾಖೆ ಉತ್ತರಿಸಲೇಬೇಕು. ಕಡಲ ಬಣ್ಣ ನೋಡುವ ಮುಂದಿನ ಉಪಗ್ರಹಕ್ಕೆ ಈ ವರ್ಷ ಎಷ್ಟು ಇಟ್ಟಿದ್ದೀರಿ? ಉತ್ತರ ಕನ್ನಡದ ಎಷ್ಟು ಬೋಟಿಗೆ ಟ್ರಾನ್ಸ್‌ಪಾಂಡರ್ ಕೂತಿದೆ, ಅದರಲ್ಲಿ ಎಷ್ಟು ಕೆಲಸ ಮಾಡುತ್ತಿವೆ? ಹೋದ ವರ್ಷ ಘೋಷಿಸಿದ್ದರಲ್ಲಿ ಖರ್ಚಾಗದೆ ಉಳಿದದ್ದು ಯಾವ ಬಾಬ್ತಿನದು? ಇಂಥ ಮೂರು ಪ್ರಶ್ನೆಗಳನ್ನು ಬರೆದು ನಾನೊಂದು ಪತ್ರ ಸಿದ್ಧ ಮಾಡಿದೆ.

ಪತ್ರ ಹಾಕುವ ಮೊದಲು ಬೈತ್‌ಕೋಲಿಗೆ ಹೋಗಿ ತಾಂಡೇಲರಿಗೆ ಓದಿ ಹೇಳಿದೆ. ಆಸ್ಪತ್ರೆಯ ಲೆಕ್ಕವನ್ನೂ, ರಾಜ್ಯದ 17,000 ಕೋಟಿಯನ್ನೂ ಹೇಳಿದೆ. ಬಲೆಯ ಹರಕು ಹೊಲಿಯುತ್ತಲೇ ಕೇಳಿಸಿಕೊಂಡರು. ಆಸ್ಪತ್ರೆಯ ಪತ್ರ ಬೆಂಗಳೂರಿಗೆ ಬೇರೆ ಬರೀರಿ, ಸಹಿ ನಾನೂ ಹಾಕ್ತೆ ಎಂದರು. ಆಮೇಲೆ ಬಲೆ ಬದಿಗಿಟ್ಟು, "ಮೋಡ ಇದ್ದಾಗ ಮೀನಿನ ಮಾಹಿತಿ ಬರೂದಿಲ್ಲ ಅಂದ್ರಲ್ಲ ಮಾಸ್ತರ್ರೆ. ಅದ್ನ ಸರಿ ಮಾಡೂಕೆ ಯಾರಾದ್ರೂ ದುಡ್ಡು ಇಟ್ಟಿದ್ರಾ? ಅದ್ನೂ ಬರೀರಿ" ಎಂದರು.

ಪತ್ರದಲ್ಲಿ ಅದು ನಾಲ್ಕನೆಯ ಪ್ರಶ್ನೆ.